ಲ್ಯಾಪ್‌ಟಾಪಿಗೆ ಇನ್ನಷ್ಟು ನೆನಪು

ಮಾನ್ವಿಯಲ್ಲಿ ಬಿ.ಕಾಂ. ಓದುತ್ತಿರುವ ನನ್ನ ತಂಗಿಯ ಮಗಳ ಲ್ಯಾಪ್‌ಟಾಪ್ ಐದು ವರ್ಷ ಹಳೆಯದು. ಬ್ರೌಸರಿನಲ್ಲಿ ನಾಲ್ಕು ಪುಟ, ಜೊತೆಗೊಂದು ಎಕ್ಸೆಲ್ ಕಡತ ತೆರೆದರೆ ಸಾಕು, ಪರದೆ ಕಲ್ಲಾಗಿ ಕೂರುತ್ತಿತ್ತು. ರಾಯಚೂರಿಗೆ ತಂದು ತೋರಿಸಿದಾಗ ಅಂಗಡಿಯೊಂದರಲ್ಲಿ ಬಿಚ್ಚಿಯೂ ನೋಡದೆ, ‘ಇದರ ಕಾಲ ಮುಗೀತು, ಹೊಸದು ತೊಗೊಳ್ರಿ’ ಅಂದರು. ಕಾಲ ಮುಗಿದಿರಲಿಲ್ಲ. ಅದರಲ್ಲಿದ್ದದ್ದು 4 ಜಿಬಿ ರ‍್ಯಾಮ್, ಪಕ್ಕದ ಇನ್ನೊಂದು ಸ್ಲಾಟ್ ಖಾಲಿ ಬಿದ್ದಿತ್ತು. ಮನೆಯ ಮೇಜಿನ ಮೇಲೆ ಅರ್ಧ ತಾಸಿನೊಳಗೆ ಅವಳೇ 8 ಜಿಬಿಯ ಕಡ್ಡಿಯೊಂದನ್ನು ಕೂರಿಸಿದಳು. ನಾನು ಪಕ್ಕದಲ್ಲಿ ಕೂತು ನೋಡಿದೆ, ಅಷ್ಟೇ.

ಕಂಪ್ಯೂಟರಿನ ನೆನಪಿನಲ್ಲಿ ಎರಡು ಬಗೆ. ಎರಡಕ್ಕೂ ನಮ್ಮ ಜಿಲ್ಲೆಯಲ್ಲೇ ಹೋಲಿಕೆ ಸಿಗುತ್ತದೆ. ಮಸ್ಕಿಯ ಬಂಡೆಯ ಮೇಲೆ ಅಶೋಕ ಕೊರೆಸಿದ ಶಾಸನವನ್ನು 2,200 ವರ್ಷ ದಾಟಿದ ಮೇಲೂ ಓದಬಹುದು. ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿಗಳು ಅಷ್ಟು ಕಾಲ ಬಾಳುವುದಿಲ್ಲವಾದರೂ ಅದೇ ಜಾತಿಯವು: ಕರೆಂಟು ಹೋದರೂ ಬರೆದದ್ದು ಉಳಿಯುತ್ತದೆ. ರ‍್ಯಾಮ್ ಹಾಗಲ್ಲ. ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ವನ್ನು ನಿತ್ಯ ಪಾರಾಯಣದಿಂದಲೇ ಬಾಯಲ್ಲಿ ಉಳಿಸಿಕೊಂಡ ಹಿರಿಯರ ನೆನಪಿನ ಹಾಗೆ ಅದು. ಹೇಳುತ್ತಿದ್ದರೆ ಇರುತ್ತದೆ, ಬಿಟ್ಟರೆ ಜಾರುತ್ತದೆ.

ರ‍್ಯಾಮ್‌ನೊಳಗೆ ನಿಜಕ್ಕೂ ಪಾರಾಯಣವೇ ನಡೆದಿರುತ್ತದೆ. ಒಂದೊಂದು ಬಿಟ್ ಮಾಹಿತಿಗೂ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಟ್ರಾನ್ಸಿಸ್ಟರ್ ಬಾಗಿಲು, ಕೆಪಾಸಿಟರ್ ವಿದ್ಯುದಾವೇಶ ತುಂಬಿಡುವ ಪುಟ್ಟ ಕೊಡ. ಕೊಡ ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಇಷ್ಟು ಸರಳವಾದ ಉಪಾಯವನ್ನು 1966ರಲ್ಲಿ ಕಂಡುಕೊಂಡವರು ಐಬಿಎಂ ಕಂಪನಿಯ ರಾಬರ್ಟ್ ಡೆನ್ನಾರ್ಡ್. 1968ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಆದರೆ ಈ ಕೊಡ ಸೋರುತ್ತದೆ. ಅದರಲ್ಲಿ ಹಿಡಿಯುವುದೇ ಹತ್ತಾರು ಸಾವಿರ ಎಲೆಕ್ಟ್ರಾನ್‌ಗಳು. ಹಾಗಾಗಿ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು ಹದಿನೈದು ಸಲ, ಎಲ್ಲ ಕೊಡಗಳನ್ನೂ ಓದಿ ಮತ್ತೆ ತುಂಬಬೇಕು. ಚಿಪ್ಪಿನ ಬಿಸಿ 85 ಡಿಗ್ರಿ ದಾಟಿದರೆ ಸೋರಿಕೆ ಹೆಚ್ಚಿ, ಈ ಕೆಲಸ ಎರಡು ಪಟ್ಟು ಚುರುಕಾಗಿ ನಡೆಯಬೇಕಾಗುತ್ತದೆ. 8 ಜಿಬಿಯ ಒಂದು ಕಡ್ಡಿಯಲ್ಲಿ ಇಂಥ ಕೊಡಗಳು 6,800 ಕೋಟಿಗೂ ಹೆಚ್ಚು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅದರ ಸಾವಿರ ಪಟ್ಟಿಗೂ ಹೆಚ್ಚು ಕೊಡಗಳು ಬೆರಳುದ್ದದ ಹಲಗೆಯ ಮೇಲೆ ಕೂತಿವೆ ಎಂಬುದು ನನಗೆ ಈಗಲೂ ಬೆರಗು.

ಹಾಗಾದರೆ ಪರದೆ ಕಲ್ಲಾಗುವುದೇಕೆ? ರ‍್ಯಾಮ್ ತುಂಬಿದಾಗ ಕಂಪ್ಯೂಟರ್ ಸದ್ಯಕ್ಕೆ ಬೇಡವಾದುದನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ರ‍್ಯಾಮ್‌ನಿಂದ ಒಂದು ಮಾಹಿತಿ ತರಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್ ಬೇಕು. ವ್ಯತ್ಯಾಸ ಒಂದು ಲಕ್ಷ ಪಟ್ಟು. ಎಸ್‌ಎಸ್‌ಡಿ ಈ ಅಂತರವನ್ನು ಬಹಳಷ್ಟು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ.

ಕಡ್ಡಿ ಕೊಳ್ಳುವ ಮೊದಲು ನೋಡಿಕೊಳ್ಳಬೇಕಾದದ್ದು ಸ್ವಲ್ಪ ಇದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ಎಂದು ಒತ್ತಿದರೆ ಎಷ್ಟು ಸ್ಲಾಟ್‌ಗಳಿವೆ, ಎಷ್ಟು ಭರ್ತಿಯಾಗಿವೆ, ವೇಗ ಎಷ್ಟು ಎಂಬುದು ಸಿಗುತ್ತದೆ. ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಸ್ಲಾಟೇ ಇಲ್ಲದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಕೊಳ್ಳುವಾಗಲೇ ಇದನ್ನು ವಿಚಾರಿಸದೆ ಎಷ್ಟೋ ವಿದ್ಯಾರ್ಥಿಗಳು ಸಿಕ್ಕಿಬೀಳುತ್ತಾರೆ. ಇನ್ನು ಕಡ್ಡಿಯ ಜಾತಿ. ಲ್ಯಾಪ್‌ಟಾಪಿನ ಡಿಡಿಆರ್3 ಕಡ್ಡಿಗೆ 204 ಹಲ್ಲು, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಹೋಗದು, ಬಲವಂತ ಬೇಡ. ಹಳೆಯ ಯಂತ್ರದಲ್ಲಿ 32 ಬಿಟ್ ವಿಂಡೋಸ್ ಇದ್ದರೆ ಅದು ಸುಮಾರು 429 ಕೋಟಿ ವಿಳಾಸಗಳನ್ನಷ್ಟೇ ಎಣಿಸಬಲ್ಲದು, ಅಂದರೆ 4 ಜಿಬಿ. ಅದನ್ನು ಬದಲಿಸದೆ ಕಡ್ಡಿ ಹಾಕಿದರೆ ದುಡ್ಡು ದಂಡ.

ನಮ್ಮ ಸೀಮೆಯವರಿಗೆ ನಾನು ಒತ್ತಿ ಹೇಳಬೇಕಾದದ್ದು ಸ್ಥಿರವಿದ್ಯುತ್ತಿನ ಮಾತು. ಕೃಷ್ಣಾ, ತುಂಗಭದ್ರೆಯರ ನಡುವೆ ಇದ್ದರೂ ರಾಯಚೂರಿನ ಬೇಸಿಗೆ ಒಣ ಬೇಸಿಗೆ. ಗಾಳಿಯಲ್ಲಿ ತೇವ ಇಲ್ಲದಾಗ ಮೈಮೇಲೆ ಆವೇಶ ಸುಲಭವಾಗಿ ಕೂಡುತ್ತದೆ. ಪಾಲಿಯೆಸ್ಟರ್ ಅಂಗಿ ಕಳಚುವಾಗ ಚಟಚಟ ಎನ್ನುವುದು ಅದೇ. ಬೆರಳಿಗೆ ಚುರುಕ್ ಎನ್ನಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಕೆಲವು ಚಿಪ್‌ಗಳು ಕೆಡಲು 100 ವೋಲ್ಟಿಗಿಂತ ಕಡಿಮೆ ಸಾಕು. ನಿಮಗೆ ಏನೂ ಗೊತ್ತಾಗದೆಯೇ ಕಡ್ಡಿ ಸತ್ತಿರಬಹುದು. ಆದ್ದರಿಂದ ಹತ್ತಿ ಬಟ್ಟೆ ಉಟ್ಟು, ಚಾಪೆ ಜಮಖಾನೆ ಬಿಟ್ಟು ಕಟ್ಟಿಗೆಯ ಮೇಜಿನ ಮುಂದೆ ಕೂತು, ಬಣ್ಣ ಬಳಿಯದ ಲೋಹವನ್ನು, ಉದಾಹರಣೆಗೆ ನೀರಿನ ಕಬ್ಬಿಣದ ಪೈಪನ್ನು, ಮುಟ್ಟಿಯೇ ಕಡ್ಡಿ ಎತ್ತಿಕೊಳ್ಳಿ. ನಡುನಡುವೆ ಮತ್ತೆ ಮುಟ್ಟಿ. ಹಿಡಿಯುವುದು ಅಂಚಿನಲ್ಲಿ ಮಾತ್ರ.

ಉಳಿದದ್ದು ಸುಲಭ. ಲ್ಯಾಪ್‌ಟಾಪನ್ನು ಪೂರ್ತಿ ಬಂದ್ ಮಾಡಿ, ಚಾರ್ಜರ್ ತೆಗೆದು, ಬೆನ್ನು ಬಿಚ್ಚಿ ಮೊದಲು ಬ್ಯಾಟರಿಯ ಸಂಪರ್ಕ ಕಳಚಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು ಅವುಗಳನ್ನು ಅಲ್ಲಲ್ಲೇ ಇಟ್ಟರೆ ಗೊಂದಲವಿಲ್ಲ. ಕಡ್ಡಿಯನ್ನು ಓರೆಯಾಗಿ, ಹಲ್ಲುಗಳು ಬಹುತೇಕ ಮರೆಯಾಗುವವರೆಗೆ ತಳ್ಳಿ, ಆಮೇಲೆ ಮೆಲ್ಲಗೆ ಕೆಳಗೆ ಒತ್ತಿ. ಎರಡೂ ಬದಿಯ ಕೊಂಡಿ ಟಕ್ ಎನ್ನಬೇಕು. ಮೊದಲ ಸಲ ಚಾಲೂ ಆದಾಗ, ಅದರಲ್ಲೂ ಡಿಡಿಆರ್5 ಆದರೆ, ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಯಂತ್ರ ಹೊಸ ಕಡ್ಡಿಯ ವೇಗವನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಬೇಡಿ. ಆಗಲೂ ಬರದಿದ್ದರೆ ಕಡ್ಡಿ ತೆಗೆದು ಮತ್ತೆ ಕೂರಿಸಿ, ಹೆಚ್ಚಿನ ಸಲ ತಪ್ಪು ಅಲ್ಲೇ ಇರುತ್ತದೆ.

ಆ ಹಲ್ಲುಗಳ ಹಳದಿ ಬಣ್ಣ ಚಿನ್ನದ್ದು. ತಾಮ್ರ, ಬೆಳ್ಳಿಗಳು ಗಾಳಿಗೆ ಮಸುಕಾಗಿ ಸಂಪರ್ಕ ಕೆಡಿಸುತ್ತವೆ, ಚಿನ್ನಕ್ಕೆ ತುಕ್ಕಿಲ್ಲ. ಲೇಪ ಒಂದು ಮೈಕ್ರಾನಿಗಿಂತ ತೆಳು, ಕೂದಲಿನ ದಪ್ಪದ ನೂರನೇ ಒಂದು ಪಾಲು ಇದ್ದೀತು. ಹಟ್ಟಿ ಗಣಿಯ ಆಳದಲ್ಲಿ, ದೇವದುರ್ಗ ತಾಲ್ಲೂಕಿನ ಊಟಿ ಗಣಿಯಲ್ಲಿ ಅಗೆದ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡ ಸಿ. ಬೀಡನ್ ಕೂಡ ಚಿನ್ನದ ಗಣಿಗಳ ಎಂಜಿನಿಯರೇ. ಇಷ್ಟು ಕಷ್ಟದಿಂದ ನೆಲದೊಳಗಿಂದ ಬರುವ ಲೋಹವನ್ನು ಕಸಕ್ಕೆ ಹಾಕುವುದು ನನಗಂತೂ ಒಪ್ಪದು.

ನಿಮ್ಮ ಯಂತ್ರದಿಂದ ತೆಗೆದ ಹಳೆಯ ಕಡ್ಡಿಯನ್ನು ಎಸೆಯಬೇಡಿ. ಕಾಗದದಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ. ರಾಯಚೂರಿನ ಯಾವುದೋ ಹಾಸ್ಟೆಲಿನಲ್ಲಿ, ದೇವದುರ್ಗದ ಯಾವುದೋ ಮನೆಯಲ್ಲಿ ಅದೇ ಜಾತಿಯ ಸ್ಲಾಟೊಂದು ಖಾಲಿ ಇದ್ದೀತು. ವಿಚಾರಿಸಿ, ಕೊಡಿ, ಕೂರಿಸುವುದನ್ನೂ ಕಲಿಸಿ.