ಹೊರದೇಶಕ್ಕೆ ಶೇಂಗಾ ಪಾರ್ಸೆಲ್: ಮೊದಲ ತಪಾಸಣೆ ಹೊಲದಲ್ಲೇ

ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಪ್ರಮುಖ ಬೆಳೆ ಶೇಂಗಾ. ಅದರ ಬೀಜವನ್ನು ಆನ್‌ಲೈನ್ ಮಳಿಗೆಯ ಮೂಲಕ ಹೊರದೇಶದ ಗಿರಾಕಿಗೆ ಮಾರಬಯಸುವ ರೈತ ಗುಂಪುಗಳು ಆಮದು-ರಫ್ತು ಸಂಕೇತ ಸಂಖ್ಯೆ ಪಡೆಯಬೇಕು. ಆಯಾ ದೇಶ ಕೇಳಿದಲ್ಲಿ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. 2022ರಲ್ಲಿ ಆರಂಭವಾದ ಅಂಚೆ ಇಲಾಖೆಯ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳಲ್ಲಿ ಸುಂಕದ ಕಾಗದಪತ್ರಗಳಿಗೆ ನೆರವು ದೊರೆಯುತ್ತದೆ. ಇದೆಲ್ಲ ಹೇಗೋ ಮುಗಿಯುವ ಕೆಲಸ.

ತೊಡಕಿರುವುದು ಅಫ್ಲಾಟಾಕ್ಸಿನ್‌ನಲ್ಲಿ. ಆಸ್ಪರ್ಜಿಲಸ್ ಎಂಬ ಬೂಷ್ಟು ಉಂಟುಮಾಡುವ ಈ ವಿಷ ಕಣ್ಣಿಗೆ ಕಾಣದು, ಹುರಿದರೂ ಪೂರ್ತಿ ಹೋಗದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಈ ವಿಷವಿದ್ದ ಶೇಂಗಾ ಹಿಂಡಿಯಿಂದ. ನೇರವಾಗಿ ತಿನ್ನುವ ಶೇಂಗಾದಲ್ಲಿ ಐರೋಪ್ಯ ಒಕ್ಕೂಟ ಒಪ್ಪುವುದು ಕಿಲೋಗೆ ಒಟ್ಟು 4 ಮೈಕ್ರೋಗ್ರಾಂ ಮಾತ್ರ. ಅಮೆರಿಕದ ಮಿತಿ 20. ಮೀರಿದ ಮಾಲು ಗಡಿಯಲ್ಲೇ ನಿಲ್ಲುತ್ತದೆ, ಸಾಗಣೆ ವೆಚ್ಚವೂ ಮುಳುಗುತ್ತದೆ.

ಕಾಯಿ ಬಲಿಯುವಾಗ ಮಳೆ ಕೈಕೊಟ್ಟರೆ ಸೋಂಕು ಹೊಲದಲ್ಲೇ ತಗಲುತ್ತದೆ. ಅನುಕೂಲವಿದ್ದವರು ಆಗ ಒಂದು ನೀರು ಕೊಡಬೇಕು. ಕಿತ್ತ ಗಿಡಗಳನ್ನು ಕಾಯಿ ಮೇಲೆ ಬರುವಂತೆ ಮಗುಚಿ ಒಣಗಿಸಬೇಕು. ಸುಲಿಯುವಾಗ ಬೀಜ ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸುವ ರೂಢಿಯಂತೂ ನಿಲ್ಲಲೇಬೇಕು. ತೂಕ ಹೆಚ್ಚುತ್ತದೆಂಬ ಆಸೆಯೂ ಅದರಲ್ಲಿ ಸೇರಿರುತ್ತದೆ! ಬೀಜದ ತೇವಾಂಶ ಶೇ. 7ಕ್ಕಿಂತ ಹೆಚ್ಚಿರಬಾರದು. ಮುರುಟಿದ, ಬಣ್ಣಗೆಟ್ಟ, ಒಡೆದ ಬೀಜ ಆರಿಸಿ ತೆಗೆದು, ಉಳಿದುದರ ಮಾದರಿಯನ್ನು ಪಾರ್ಸೆಲ್ ಕಟ್ಟುವ ಮೊದಲೇ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳಬೇಕು. ಆರಿಸಿ ತೆಗೆದುದನ್ನು ದನಗಳಿಗೂ ಹಾಕಬಾರದು. ವಿಷದ ಅಂಶ ಹಾಲಿಗೆ ಇಳಿಯುತ್ತದೆ.