ರೇಷ್ಮೆಹುಳುವಿನ ರಕ್ತದಲ್ಲಿರುವ ಮದ್ದೂ ಗೂಡಿನ ಅಂಟೂ

ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಲ್ಪಟ್ಟುವು. ಬಳಿಕ ಗಣಿಪ್ರದೇಶ ಮತ್ತು ಬಂಗಾರಪೇಟೆಯ ಅನೇಕರು ದಿನಂಪ್ರತಿ ರೈಲುಹತ್ತಿ ಬೆಂಗಳೂರಿಗೆ ಹೋಗಿ ದುಡಿದು ಬರುತ್ತಾರೆ. ಊರಿನಲ್ಲಿಯೇ ನಿಂತ ರೈತರ ಆದಾಯಗಳಲ್ಲಿ ಹಾಲೂ ರೇಷ್ಮೆಯೂ ಸೇರಿರುತ್ತವೆ. ಆದುದರಿಂದ ಒಂದು ಬೆಳೆ ಹುಳು ಸತ್ತರೆ ಸಂಸಾರಕ್ಕೆ ಆಗುವ ನಷ್ಟವು ಸಾಮಾನ್ಯವಾದುದಲ್ಲ.

ದನಕರುಗಳಿಗೆ ಹಾಕಿಸುವಂಥ ಚುಚ್ಚುಮದ್ದು ಹುಳುವಿಗೆ ಇಲ್ಲ. ಆದರೆ ಅದು ತನ್ನ ಮದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದವಾದ ಸರವೇ ಪ್ರೋಟೀನು. ಸರವು ಚಿಕ್ಕದಾದರೆ ಅದಕ್ಕೆ ಪೆಪ್ಟೈಡ್ ಎಂದು ಹೆಸರು. ಸ್ವೀಡನ್ ದೇಶದ ಹಾನ್ಸ್ ಬೋಮನ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಕಾಡುರೇಷ್ಮೆಯ ಜಾತಿಯ ಒಂದು ಪತಂಗದ ಕೋಶದಲ್ಲಿ ಇಂಥ ಪೆಪ್ಟೈಡನ್ನು ಕಂಡು, 1981ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅದಕ್ಕೆ ಸೆಕ್ರೋಪಿನ್ ಎಂದು ಹೆಸರಾಯಿತು. ನಮ್ಮ ಹಿಪ್ಪುನೇರಳೆ ಹುಳುವಿನಲ್ಲಿಯೂ ಸೆಕ್ರೋಪಿನ್‌ಗಳುಂಟು. 1995ರಲ್ಲಿ ಜಪಾನಿನವರು ಇದೇ ಹುಳುವಿನಲ್ಲಿ 42 ಮಣಿಗಳ ಮೋರಿಸಿನ್ ಎಂಬ ಇನ್ನೊಂದನ್ನು ಕಂಡರು. ಬ್ಯಾಕ್ಟೀರಿಯಗಳು ಮೈಯೊಳಕ್ಕೆ ನುಗ್ಗಿದ ಕೆಲವು ಗಂಟೆಗಳಲ್ಲಿಯೇ ಈ ಪೆಪ್ಟೈಡುಗಳು ರಕ್ತಕ್ಕೆ ಬಂದು, ಅವುಗಳ ಹೊರಪೊರೆಯನ್ನು ತೂತುಮಾಡಿ ಕೊಲ್ಲುತ್ತವೆ.

ಹಾಗಾದರೆ ಹುಳುಗಳು ಸಾಯುವುದೇಕೆ ಎಂದು ರೈತರು ಕೇಳಬಹುದು. ಈ ಕಾವಲಿಗೆ ಮಿತಿಯುಂಟು. ಹಾಲುತೊಂಡೆ ರೋಗವು ವೈರಸ್ಸಿನಿಂದ ಬರತಕ್ಕದ್ದು. ಗಂಟುರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೇ ಇಳಿಯತಕ್ಕದ್ದು. ಇವುಗಳನ್ನು ತಡೆಯಲು ಆ ಮದ್ದು ಸಾಲದು. ಹುಳು ದಟ್ಟವಾಗಿ, ಸೆಖೆಯಲ್ಲಿ, ಬಾಡಿದ ಸೊಪ್ಪು ತಿಂದು ನಿಶ್ಶಕ್ತವಾದರೆ ಸಪ್ಪೆರೋಗವೂ ಮೇಲುಗೈಯಾಗುತ್ತದೆ. ಆದಕಾರಣ ಪ್ರತಿ ಬೆಳೆಗೂ ಮುಂಚೆ 100 ಲೀಟರು ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ ಕಲಸಿ ಮನೆಯನ್ನೂ ತಟ್ಟೆಗಳನ್ನೂ ತೊಳೆಯಬೇಕು. ಈ ದ್ರಾವಣವು ಲೋಹವನ್ನು ತಿನ್ನುವುದರಿಂದ ತಗಡಿನ ಪಾತ್ರೆಯಲ್ಲಿ ಕಲಸಕೂಡದು. ರೋಗದ ಹುಳುಗಳನ್ನು ಆರಿಸಿ ಹೂಳತಕ್ಕದ್ದು. ಕೋಳಿಗೆ ಎಸೆಯುವ ಪದ್ಧತಿಯನ್ನು ಗ್ರಾಮದ ಮುಖಂಡರು ನಿಲ್ಲಿಸಬೇಕು.

ಇನ್ನು ಗೂಡಿನ ವಿಷಯ. ಗೂಡಿನ ಎಳೆಯಲ್ಲಿ ಸುಮಾರು ಕಾಲು ಭಾಗ ಸೆರಿಸಿನ್ ಎಂಬ ಅಂಟು. ಉಳಿದುದು ಬಹುಪಾಲು ಫೈಬ್ರೋಯಿನ್. ಕಚ್ಚಾ ರೇಷ್ಮೆಯನ್ನು ಸಾಬೂನು ಸೋಡಾ ನೀರಿನಲ್ಲಿ ಕುದಿಸುವಾಗ ಈ ಅಂಟು ಕರಗಿ ಮೋರಿಗೆ ಹೋಗುತ್ತದೆ. ಎಣ್ಣೆ ಕೊಬ್ಬುಗಳು ಗಾಳಿ ತಗುಲಿ ಕೆಡುವುದನ್ನು ಸೆರಿಸಿನ್ ತಡೆಯುವುದೆಂದು ಪ್ರಯೋಗಗಳಿಂದ ತಿಳಿದಿದೆ. ಫೈಬ್ರೋಯಿನ್‌ನ ತೆಳುಹಾಳೆಗೆ ಸೆಕ್ರೋಪಿನ್‌ನಂಥ ಪೆಪ್ಟೈಡುಗಳನ್ನು ಅಂಟಿಸಿ, ಗಾಯವು ಕೀವುಗೂಡದಂತೆ ಕಾಯುವ ಪಟ್ಟಿಗಳನ್ನು ಮಾಡುವ ಪ್ರಯತ್ನವೂ ನಡೆದಿದೆ. ಸೆರಿಸಿನ್‌ಗೆ ತಾನಾಗಿಯೇ ಕ್ರಿಮಿನಾಶಕ ಗುಣವಿದೆಯೇ ಎಂಬಲ್ಲಿ ಮಾತ್ರ ಪ್ರಯೋಗಗಳು ಒಮ್ಮತಕ್ಕೆ ಬಂದಿಲ್ಲ. ಗೂಡು ಬೇಯಿಸಿದ ನೀರನ್ನು ಗಾಯಕ್ಕೆ ಹಾಕುವುದು ಅಪಾಯಕರ; ಅದರಲ್ಲಿ ಸತ್ತ ಕೋಶದ ಕೊಳೆಯೇ ಹೆಚ್ಚು.

ಅಂಟಿನಿಂದ ಹಣಮಾಡಬಹುದೆಂದು ಯಾರಾದರೂ ಹೇಳಿದರೆ, ಸಾಬೂನು ಬೆರೆತ ನೀರಿನಿಂದ ಅದನ್ನು ಬೇರ್ಪಡಿಸುವ ಯಂತ್ರವೂ ಕೊಳ್ಳುವವರೂ ಇದ್ದಾರೆಯೇ ಎಂದು ವಿಚಾರಿಸಿ ಮುಂದುವರಿಯುವುದು ಒಳ್ಳೆಯದು. ನಮ್ಮ ಅಭಿಪ್ರಾಯದಲ್ಲಿ ಸದ್ಯಕ್ಕೆ ಒಬ್ಬೊಬ್ಬ ರೈತನೇ ಕೈಹಾಕುವ ಉದ್ಯಮ ಇದಲ್ಲ. ತೂತುಬಿದ್ದ, ನೂಲು ಬಿಚ್ಚಲಾಗದ ಗೂಡುಗಳನ್ನು ತಿಪ್ಪೆಗೆ ಹಾಕದೆ ಒಣಗಿಸಿ ಬೇರೆ ಚೀಲದಲ್ಲಿಟ್ಟುಕೊಂಡರೆ, ಅವುಗಳಿಂದ ನೂಲು ತೆಗೆಯುವವರು ಕೊಳ್ಳುತ್ತಾರೆ.