ಸಿಲಿಂಡರ್ ಎತ್ತಬಹುದು, ಬಾರ್‌ಬೆಲ್ ಎತ್ತಬಾರದೇ?

ಜಿಮ್ ಸೇರಿದ ಹೆಂಗಸು ಟ್ರೆಡ್‌ಮಿಲ್ ಮೇಲೆ ನಡೆಯುತ್ತಿರುವವರೆಗೆ ಯಾರದೂ ತಕರಾರಿಲ್ಲ. ‘ಈ ವರ್ಷ 60 ಕಿಲೋ ಡೆಡ್‌ಲಿಫ್ಟ್ ಮಾಡಬೇಕು’ ಎಂದಳೋ, ಮನೆಯಲ್ಲಿ ಉಪದೇಶ ಶುರು. ಮೊದಲನೆಯದು: ‘ಗಂಡಸಿನ ಥರ ಆಗ್ತೀಯ ಕಣೇ!’

ಆಗುವುದಿಲ್ಲ. ಸ್ನಾಯುಗಳನ್ನು ಉಬ್ಬಿಸುವ ಟೆಸ್ಟೋಸ್ಟೆರಾನ್ ಸಾಮಾನ್ಯವಾಗಿ ಗಂಡಸಿನಲ್ಲಿರುವುದರ ಹತ್ತನೇ ಒಂದು ಪಾಲೂ ಹೆಣ್ಣಿನಲ್ಲಿ ಇರುವುದಿಲ್ಲ. ಮೊದಲ ಕೆಲವು ವಾರ ಏರುವ ಶಕ್ತಿಯಂತೂ ಬಹುಪಾಲು ನರಗಳ ಕಲಿಕೆ. ಇರುವ ಸ್ನಾಯುವಿನ ಹೆಚ್ಚು ಎಳೆಗಳನ್ನು ಒಟ್ಟಿಗೆ ದುಡಿಸುವುದನ್ನು ಅವು ಕಲಿಯುತ್ತವೆ. ರವಿಕೆಯ ತೋಳು ಬಿಗಿಯಾಗುವ ಮೊದಲೇ 20 ಕಿಲೋ 30 ಆಗಿರುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎರಡು ಲಿಫ್ಟ್ ಸೇರಿ 202 ಕಿಲೋ ಎತ್ತಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ಸ್ಪರ್ಧಿಸಿದ್ದು 49 ಕಿಲೋ ವಿಭಾಗದಲ್ಲಿ.

ಇದಕ್ಕಿಂತ ಹೆದರಿಸುವ ಮಾತು, ಭಾರ ಎತ್ತಿದರೆ ಗರ್ಭಕೋಶ ಜಾರುತ್ತದೆ ಎಂಬುದು. ಪೂರ್ತಿ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಬಾಣಂತನ ಮುಗಿಯುವ ಮೊದಲೇ ಗದ್ದೆಗೆ, ಗಾರೆ ಕೆಲಸಕ್ಕೆ ಇಳಿದು ಹೊರೆ ಹೊತ್ತವರನ್ನು ಕಂಡೇ ಆ ಮಾತು ಹುಟ್ಟಿರಬೇಕು. ಆದರೆ ಗರ್ಭಕೋಶಕ್ಕೆ ತಳದಲ್ಲಿ ಆಸರೆಯಾಗಿರುವ ಸ್ನಾಯುಗಳು ಸಡಿಲಾಗಲು ಮುಖ್ಯ ಕಾರಣ ಹೆರಿಗೆ, ವಯಸ್ಸು, ಬೊಜ್ಜು; ವರ್ಷಗಟ್ಟಲೆ ಕಾಡುವ ಕೆಮ್ಮು, ಮಲಬದ್ಧತೆಯೂ ಹೌದು. ಆರೋಗ್ಯವಾಗಿರುವವರು ಕಡಿಮೆ ತೂಕದಿಂದ ಶುರುಮಾಡಿ, ಉಸಿರು ಯಾವಾಗ ಬಿಡಬೇಕೆಂದು ಕಲಿತು, ಹಂತಹಂತವಾಗಿ ಏರಿಸಿದರೆ ಅಂಜಬೇಕಿಲ್ಲ. ಈಗಾಗಲೇ ಆ ತೊಂದರೆ ಇರುವವರು, ಹೆರಿಗೆಯಾಗಿ ಕೆಲವೇ ತಿಂಗಳಾದವರು ಮಾತ್ರ ಸ್ತ್ರೀರೋಗ ತಜ್ಞರನ್ನು ಕೇಳದೆ ಬಾರ್ ಮುಟ್ಟಬಾರದು. ಅಂದಹಾಗೆ, ತುಂಬಿದ ಅಡುಗೆ ಸಿಲಿಂಡರ್ ಹತ್ತಿರಹತ್ತಿರ 30 ಕಿಲೋ ತೂಗುತ್ತದೆ. ಅದನ್ನು ಬಾಗಿಲಿಂದ ಅಡುಗೆಮನೆಗೆ ಸಾಗಿಸುವಾಗ ಈ ಚಿಂತೆ ಯಾರಿಗೂ ಬಂದಂತಿಲ್ಲ!

‘ಮುಟ್ಟು ನಿಂತಿತು, ಮೂಳೆ ಸವೆದಿದೆ, ಇನ್ನು ವಾಕಿಂಗ್ ಸಾಕು’ ಎನ್ನುವವರಿಗೆ ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಅಧ್ಯಯನ ಉತ್ತರ. 2018ರಲ್ಲಿ ಅಚ್ಚಾದ ಈ ಪ್ರಯೋಗದಲ್ಲಿದ್ದವರು ಮುಟ್ಟು ನಿಂತು, ಮೂಳೆ ಸಾಂದ್ರತೆ ಕುಗ್ಗಿದ್ದ ಸುಮಾರು ನೂರು ಮಹಿಳೆಯರು. ಅವರಲ್ಲಿ ಒಂದು ಗುಂಪು ತರಬೇತುದಾರರ ಕಣ್ಗಾವಲಿನಲ್ಲಿ ವಾರಕ್ಕೆರಡು ದಿನ, ಅರ್ಧರ್ಧ ಗಂಟೆ ಡೆಡ್‌ಲಿಫ್ಟ್, ಸ್ಕ್ವಾಟ್ ಮುಂತಾದವನ್ನು ಮಾಡಿತು. ಎತ್ತಿದ್ದೂ ಹಗುರ ಡಂಬೆಲ್ ಅಲ್ಲ, ತಮ್ಮ ಗರಿಷ್ಠ ಸಾಮರ್ಥ್ಯದ ಶೇಕಡ 80ಕ್ಕೂ ಮೇಲಿನ ಭಾರ. ಎಂಟು ತಿಂಗಳಲ್ಲಿ ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇಕಡ 3ರಷ್ಟು ಏರಿತು. ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರದು ಇಳಿಯಿತು.

ಜಿಮ್ ಬಿಟ್ಟರೆ ಸ್ನಾಯು ಕೊಬ್ಬಾಗುತ್ತದೆಯಂತೆ! ಎರಡೂ ಬೇರೆ ಬೇರೆ ಅಂಗಾಂಶಗಳು, ಒಂದು ಇನ್ನೊಂದಾಗುವುದಿಲ್ಲ.

ಇನ್ನು ಗುರಿ. ಹೆಂಗಸಿನ ವ್ಯಾಯಾಮವೆಂದರೆ ತೂಕ ಇಳಿಸುವುದೇ ಎಂಬ ಗ್ರಹಿಕೆ ಎಷ್ಟು ಗಟ್ಟಿಯೆಂದರೆ, ಎತ್ತುವ ಭಾರ ಏರುತ್ತಿದ್ದರೂ ತಕ್ಕಡಿಯ ಮುಳ್ಳು ಕದಲಲಿಲ್ಲವೆಂದು ಸೋತವರು ಅನೇಕರು. ಬಾರ್‌ಗೆ ಹಾಕುವ ಪ್ಲೇಟ್ ಇನ್ನೂ ನಿಖರವಾದ ಅಳತೆ. ಎರಡು ಬದಿಗೆ 1.25 ಕಿಲೋದ ಒಂದೊಂದು ಸೇರಿಸಿದರೆ 2.5 ಕಿಲೋ ಮುಂದೆ. ಹೊಸಬರಿಗೆ ಇದು ಬೇಗಬೇಗ ಸಾಧ್ಯ, ಆಮೇಲೆ ನಿಧಾನವಾಗುತ್ತದೆ. ಆಗ ಅದೇ ತೂಕವನ್ನು ಐದರ ಬದಲು ಏಳು ಸಲ ಎತ್ತಿದರೂ ಅದು ಪ್ರಗತಿಯೇ. ಒಂದೇ ಎಚ್ಚರ: ಮಹಿಳೆಯರ ಸ್ಪರ್ಧೆಯ ಬಾರ್ 15 ಕಿಲೋ, ಗಂಡಸರದು 20. ನಿಮ್ಮ ಜಿಮ್‌ನಲ್ಲಿರುವುದು ಯಾವುದೆಂದು ಕೇಳಿಕೊಳ್ಳಿ. ಬಾರ್‌ನ ತೂಕವೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ.